ಜುಲೈ ಹನ್ನೊಂದರ ಆಪರೇಷನ್

ಹುಚ್ಚನ ಎದೆಯನ್ನು ಜುಲೈ ಹನ್ನೊಂದಕ್ಕೇ ಸೀಳಿ ಹೊಲಿದಾಗಿದೆ ಎಂದು ಹುಬ್ಬಳ್ಳಿ ಆಸ್ಪತ್ರೆಯ ಕಂಪ್ಯೂಟರು ಹೇಳಿತು.

ಕೌಂಟರಿನ ಗುಮಾಸ್ತ ಅದನ್ನು ಎರಡು ಸಲ ಓದಿದ. ಹೆಸರು ಹುಚ್ಚ. ತಂದೆಯ ಹೆಸರು ಚೌಡ. ವಯಸ್ಸು ಐವತ್ತೆಂಟು. ಸಿದ್ದಾಪುರ ತಾಲೂಕು. ಸಹಕಾರಿ ಸೊಸೈಟಿಯ ಸದಸ್ಯ, ಸರ್ಕಾರದ ಆರೋಗ್ಯ ಕಾರ್ಡು. ಒಂಬತ್ತಕ್ಕೆ ದಾಖಲು, ಹನ್ನೊಂದಕ್ಕೆ ಹೃದಯದ ಬೈಪಾಸ್, ಇಪ್ಪತ್ತಕ್ಕೆ ಮನೆಗೆ.

"ಇದೇ ಊರಾಗ ಬ್ಯಾರೆ ದವಾಖಾನಿಯೊಳಗ ಆಗೇದಲ್ರೀ. ಇನ್ನೂ ಎರಡು ತಿಂಗಳು ಆಗಿಲ್ಲ. ಮತ್ಯಾಕ ಬಂದೀರಿ?"

ವೇದಾ ಹಿಂದಿರುಗಿ ನೋಡಿದಳು. ಅಪ್ಪ ದೂರದ ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದ. ಎರಡು ಸಲ ಬೆಂಚಿನ ಮೇಲೆ ಕೂರಿಸಿದ್ದಳು. ಎರಡು ಸಲವೂ ಇಳಿದಿದ್ದ. ಬಾಯಿ ತೆರೆದು ಉಸಿರು ಎಳೆಯುತ್ತಿದ್ದ.

ಜುಲೈ ಹನ್ನೊಂದು ಅವಳ ಗಂಡ ನವೀನ ಸತ್ತ ದಿನ. ಅವಳು ಅದನ್ನು ಗುಮಾಸ್ತನಿಗೆ ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಎರಡು ತಿಂಗಳಿಂದ ಅವಳು ಬೇಕಾದ್ದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದಳು.

"ಎದಿ ನೋಡ್ರಿ ಬೇಕಾದ್ರ," ಎಂದಳು.

ಡಾಕ್ಟರು ಹುಚ್ಚನ ಅಂಗಿ ಬಿಚ್ಚಿಸಿದರು. ಎದೆಯ ತುಂಬ ಕಪ್ಪು ಜಡ್ಡು. ನಲವತ್ತು ವರ್ಷ ಅಡಿಕೆ ಮರ ತಬ್ಬಿ ಹತ್ತಿ ಇಳಿದ ಎದೆ ಅದು. ಅಡಿಕೆಯ ಗೊನೆ, ಅಂದರೆ ಕೊನೆ, ಇಳಿಸುವವನಿಗೆ ಆ ಸೀಮೆಯಲ್ಲಿ ಕೊನೆಗೌಡ ಎನ್ನುತ್ತಾರೆ. ಗೌಡಿಕೆ ಮರದ ಮೇಲಿರುವಷ್ಟು ಹೊತ್ತು. ಕೆಳಗಿಳಿದರೆ ಹುಚ್ಚ. ಮರ ಉಜ್ಜಿದ ಗುರುತು ಎದೆಯ ಮೇಲೆ ಕೈಯಗಲ ಇತ್ತು. ಚಾಕುವಿನ ಗುರುತು ಕೂದಲೆಳೆಯಷ್ಟೂ ಇರಲಿಲ್ಲ.

"ಯಾರೋ ಇವರ ಹೆಸರಿನ್ಯಾಗ ಮಾಡಿಸಿಕೊಂಡಾರ," ಎಂದರು ಡಾಕ್ಟರು. "ಕಾರ್ಡಿನ ಮಿತಿ ಮುಗಿದದ. ಇನ್ನ ಬರೋ ಜೂನ್‌ಗೇ. ಅಲ್ಲೀತನಕ ಈ ಹೃದಯ ತಡಿಯಂಗಿಲ್ಲಮ್ಮಾ. ಒಂದು ತಿಂಗಳು, ಬಾಳ ಆದ್ರ ಎರಡು. ಮೊದಲಿನ ಆಪರೇಷನ್ ಬ್ಯಾರೆಯವರದು ಅಂತ ನಿಮ್ಮ ಸೊಸೈಟಿಯಿಂದ ಪತ್ರ ತರ್ರಿ. ತಂದ ದಿನವೇ ಅಡ್ಮಿಟ್ ಮಾಡ್ಕೋತೀನಿ."

ಒಂದು ಪತ್ರ. ಅದಷ್ಟೇ ಬೇಕಾಗಿತ್ತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದ ಅಪ್ಪನನ್ನು ಕೇಳಿದಳು. ಕಾರ್ಡು ಎಲ್ಲಿದೆ?

"ಒಡೇರ ಮನೇಲಿ."

ಗೊತ್ತಿದ್ದ ಉತ್ತರವೇ. ಕೇರಿಯ ಎಲ್ಲರ ಕಾಗದವೂ ತೋಟದ ಒಡೆಯ ಗಣಪಯ್ಯನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ರೇಷನ್ ಕಾರ್ಡು, ಸೊಸೈಟಿಯ ಪಾಸ್‌ಬುಕ್ಕು, ಗುಡಿಸಲಿನ ಜಾಗದ ಚೀಟಿ. ಗುಡಿಸಲಲ್ಲಿ ಇಟ್ಟರೆ ಗೆದ್ದಲು ತಿನ್ನುತ್ತದೆ ಎಂದು ಗಣಪಯ್ಯನ ಅಪ್ಪನ ಕಾಲದಲ್ಲಿ ಶುರುವಾದದ್ದು. ಆಮೇಲೆ ಗುಡಿಸಲಿಗೆ ಹಂಚು ಬಂತು, ಗೋಡೆ ಬಂತು. ಕಾಗದ ಹಿಂದಕ್ಕೆ ಬರಲಿಲ್ಲ. ಹೋದ ವಾರ ವೇದಾ ಕಾರ್ಡು ಕೇಳಲು ಹೋದಾಗ ಗಣಪಯ್ಯ, ಸಿಗುತ್ತಿಲ್ಲ, ಹುಡುಕಿಸುತ್ತೇನೆ ಎಂದಿದ್ದ. ಅವಳು ಸೊಸೈಟಿಗೆ ಹೋಗಿ, ಹೈಸ್ಕೂಲಿನಲ್ಲಿ ಜೊತೆಗೆ ಓದಿದ್ದ ಗುಮಾಸ್ತ ಮಾದೇವನಿಂದ ನಂಬರು ಬರೆಸಿಕೊಂಡು ಬಂದಿದ್ದಳು. ಮಾದೇವ ನಂಬರು ಬರೆಯುವಾಗ ಅವಳ ಮುಖ ನೋಡಿರಲಿಲ್ಲ.

"ಯಾರಿಗಾರೂ ಹೆಬ್ಬೆಟ್ಟು ಕೊಟ್ಟಿದ್ದೆಯಾ ಅಪ್ಪಾ? ಬೇಸಿಗೇಲಿ?"

"ಕೊಟ್ಟೆ. ಒಡೇರ ಭಾವಂಗೆ. ಯಲ್ಲಾಪುರದಲ್ಲಿ ಮರ ಕೊಯ್ಯೋ ಮಿಲ್ಲು ಉಂಟಲ, ಅವ್ರಿಗೆ. ಎದೆಬ್ಯಾನೆಯಂತೆ. ಅವ್ರು ರೈತರಲ್ಲ, ಕಾರ್ಡು ಆಗೂದಿಲ್ಲವಂತೆ. ನಿನ್ನ ಹೆಸ್ರು ಕೊಡಾ ಅಂದ್ರು."

"ಕೊಟ್ಟೆ?"

"ಹೆಸ್ರು ಕೊಟ್ರೆ ಎಂತ ಸವೀತದೆಯೇ?"

ಅವನು ನಿಜಕ್ಕೂ ಕೇಳುತ್ತಿದ್ದ. ಅವನಿಗೆ ಅದು ಏಣಿ ಕೊಟ್ಟ ಹಾಗೆ. ಕೆಲಸ ಮುಗಿದ ಮೇಲೆ ಏಣಿ ತಿರುಗಿ ಬರುತ್ತದೆ. ಕೇರಿಯಲ್ಲಿ ಎಲ್ಲರೂ ಹೆಸರು ಕೊಡುತ್ತಿದ್ದರು. ಓಟು ಹೆಚ್ಚಲಿ ಎಂದು ಒಡೆಯರು ಕೇರಿಯವರನ್ನೆಲ್ಲ ಸೊಸೈಟಿಯ ಸದಸ್ಯರನ್ನಾಗಿ ಮಾಡಿದ್ದರು. ಆ ಹೆಸರುಗಳ ಮೇಲೆ ಗೊಬ್ಬರ ಎತ್ತಿದರು. ಸಾಲ ಎತ್ತಿದರು. ಬೆಟ್ಟದ ಮರ ಕಡಿಯಲು ಪರ್ಮಿಟ್ ತೆಗೆದರು. ಹುಚ್ಚನ ಹೆಸರಲ್ಲಿ ಮೂರು ಮತ್ತಿ ಮರ ಬಿದ್ದಿದ್ದವು. ಅವನ ಮನೆಗೆ ಮಾತ್ರ ಬಾಗಿಲ ಚೌಕಟ್ಟಿಲ್ಲ.

ವೇದಾ ಧಾರವಾಡದಲ್ಲಿ ಎಂ.ಎ. ಮಾಡಿದವಳು. ಇತಿಹಾಸ. ಎರಡು ವರ್ಷ ಹಳೆಯ ಕಾಗದ ಓದುವುದನ್ನೇ ಕಲಿತಿದ್ದಳು. ಅಪ್ಪನ ಕಾಗದಗಳನ್ನು ಒಂದು ದಿನವೂ ಕೇಳಿ ತರಿಸಿ ಓದಿರಲಿಲ್ಲ.

ಗಣಪಯ್ಯನ ಅಂಗಳದಲ್ಲಿ ಅವಳಿಗೆ ಕುರ್ಚಿ ಹಾಕಿದರು. ಪ್ಲಾಸ್ಟಿಕ್ ಕುರ್ಚಿ, ಅಂಗಳಕ್ಕೆಂದೇ ತಂದದ್ದು. ಓದಿದವರನ್ನು ನೆಲದ ಮೇಲೆ ಕೂರಿಸುವಂತಿಲ್ಲ, ಜಗಲಿ ಹತ್ತಿಸುವಂತೆಯೂ ಇಲ್ಲ. ಹುಚ್ಚ ಮೆಟ್ಟಿಲ ಕೆಳಗೆ ತನ್ನ ಜಾಗದಲ್ಲಿ ಕೂತ. ವೇದಾ ಕುರ್ಚಿಯ ಪಕ್ಕ ನಿಂತೇ ಇದ್ದಳು.

ಗಣಪಯ್ಯನ ತಾಯಿ ಸೀತಮ್ಮ ಬಾಗಿಲಿಂದ ಇಣುಕಿದರು. "ಇದು ಹುಚ್ಚನ ಮಗಳು ಅಲ್ದಾ? ಗಂಡ ಹೋದ್ದು ಇದ್ರದ್ದೇಯ? ಎರಡು ತಿಂಗಳೂ ಆಜಿಲ್ಲೆ, ಊರು ತಿರುಗ್ತಾ ಇದ್ದು."

"ಆಯಿ, ನೀ ಒಳಗೆ ಹೋಗು," ಎಂದ ಗಣಪಯ್ಯ. ಅವನು ಕೆಟ್ಟ ಮಾತು ಆಡುವವನಲ್ಲ. ದನಿ ಏರಿಸುವವನೂ ಅಲ್ಲ. ಜಗಲಿಯ ಅಂಚಿಗೆ ಬಂದು ಕೂತು ಎಲೆಯಡಿಕೆಯ ಕವಳದ ತಟ್ಟೆ ಎಳೆದುಕೊಂಡ. "ನೋಡು ತಂಗೀ, ಆಗಿದ್ದು ಆಗಿಹೋಯ್ತು. ಭಾವಂಗೆ ಅವತ್ತು ಹೊತ್ತು ಮೀರಿತ್ತು. ಮನುಷ್ಯ ಜೀವ. ಹುಚ್ಚಂಗೂ ಹೀಂಗೆ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು?"

"ಪತ್ರ ಬೇಕು."

"ಸೊಸೈಟಿ ಪತ್ರ ಕೊಟ್ರೆ ಭಾವ ಜೈಲಿಗೆ, ಕಾರ್ಯದರ್ಶಿ ಜೈಲಿಗೆ, ನಾನೂ ಹಿಂದಿಂದ. ಅದು ಆಗೂ ಮಾತಲ್ಲ. ನಾ ಬೇರೆ ಹೇಳ್ತೆ ಕೇಳು. ಹುಚ್ಚನ ಆಪರೇಷನ್ನಿನ ಖರ್ಚು ಪೂರಾ ನಂದು. ನಾಡಿದ್ದೇ ಜೀಪಲ್ಲಿ ನಾನೇ ಕರ್ಕಂಡು ಹೋಗ್ತೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿ, ಸಾಕು. ನಾಳೆ ಯಾರಾದ್ರೂ ಕೇಳಿದ್ರೆ ನಮಗೆ ಒಂದು ಆಧಾರ."

ಕಾಗದ ಆಗಲೇ ಬರೆದಿಟ್ಟಿತ್ತು. ಮಸಿಯ ಡಬ್ಬಿಯೂ ಪಕ್ಕದಲ್ಲಿತ್ತು.

ವೇದಾ ಓದಿದಳು. ಒಂದು ಹಾಳೆ. ಓದಿ ಮುಗಿಸಿ ಅಪ್ಪನನ್ನು ನೋಡಿದಳು. ಅವನ ತುಟಿ ನೀಲಿಯಾಗಿತ್ತು. ಗಂಡನನ್ನು ಸುಟ್ಟು ಎರಡು ತಿಂಗಳಾಗಿಲ್ಲ. ಇನ್ನೊಂದು ಹೆಣ ಅವಳಿಗೆ ಬೇಕಿರಲಿಲ್ಲ. ಸತ್ಯ, ಸುಳ್ಳು, ಜೈಲು, ಯಾವುದೂ ಬೇಕಿರಲಿಲ್ಲ.

"ಒತ್ತಿಬಿಡು ಅಪ್ಪಾ," ಎಂದಳು.

ಹುಚ್ಚ ಎದ್ದು ಬಂದ. ಮಸಿಯಲ್ಲಿ ಬೆರಳು ಅದ್ದಿದ. ರೂಢಿಯ ಕೈ, ಅದಕ್ಕೆ ದಾರಿ ಗೊತ್ತು. ಕಾಗದದ ಮೇಲೆ ತಂದು ನಿಲ್ಲಿಸಿದ. ಅವನ ಜನ್ಮದಲ್ಲಿ ಮೊದಲ ಸಲ ಕೇಳಿದ:

"ಎಂತ ಬರದದೆ? ಓದು."

ಗಣಪಯ್ಯ ನಕ್ಕ. "ಎಂತದಾ ಹುಚ್ಚ, ಮಗಳು ಎಂ.ಎ. ಮಾಡಿದ್ಲು ಅಂತ ನಿಂಗೂ ಓದೂ ಹುಚ್ಚಾ?"

ವೇದಾ ಓದಿದಳು. "ಸನ್ ಎರಡು ಸಾವಿರದ ಐದನೇ ಇಸವಿ ಜುಲೈ ಒಂಬತ್ತರಿಂದ ಇಪ್ಪತ್ತರವರೆಗೆ ನಾನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದು, ಹನ್ನೊಂದರಂದು ನನಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಈ ಬಗ್ಗೆ ನನ್ನದಾಗಲಿ ನನ್ನ ಮನೆಯವರದಾಗಲಿ ಯಾವ ತಕರಾರೂ ಇರುವುದಿಲ್ಲ."

"ಹನ್ನೊಂದು ಅಂದ್ರೆ ಯಾವತ್ತು?"

ಅವಳು ಹಾಳೆಯ ಅಂಚು ಸರಿಮಾಡಿದಳು.

"ಯಾವ ದಿನವೇ ಅದು?"

"ಅವ್ರು ಹೋದ ದಿನ."

ಹುಚ್ಚನ ಕೈ ಕಾಗದದ ಮೇಲೆ ಹಾಗೇ ನಿಂತಿತು.

ಆ ದಿನ ಅರಬೈಲ್ ಘಟ್ಟದ ತಿರುವಿನಲ್ಲಿ ಅದಿರು ಲಾರಿಯೊಂದು ನವೀನನ ಬೈಕನ್ನು ಕೆಳಕ್ಕೆ ತಳ್ಳಿ ಹೋಗಿತ್ತು. ಹೆಣ ಕಾಣುತ್ತಿತ್ತು. ಇಳಿಯಲು ಪೋಲೀಸರು ಒಪ್ಪಲಿಲ್ಲ. ಕ್ರೇನು ಬರಲಿ ಎಂದು ರಸ್ತೆಯಲ್ಲಿ ಬೀಡಿ ಸೇದಿದರು. ಮಧ್ಯಾಹ್ನವಾಯಿತು. ಹುಚ್ಚ ಕೊನೆ ಇಳಿಸುವ ಹಗ್ಗವನ್ನು ಮರಕ್ಕೆ ಬಿಗಿದು ಒಬ್ಬನೇ ಇಳಿದ. ಅಳಿಯನನ್ನು ಬೆನ್ನಿಗೆ ಕಟ್ಟಿಕೊಂಡ. ಬೇರು ಹಿಡಿದು, ಬಂಡೆ ಹಿಡಿದು, ಎದೆ ಊರಿ ಮೇಲೆ ಬಂದ. ಬಂದವನು ಹೆಣವನ್ನು ಮಗಳ ಮುಂದೆ ಇಳಿಸಿ ಎದೆ ಹಿಡಿದುಕೊಂಡು ಕೂತ. ಆ ನೋವು ಅಲ್ಲಿಂದ ಬಂದದ್ದು.

"ಹಂಗಾರೆ ಅಳಿಯನ್ನ ಹೊತ್ತು ತಂದವ ಯಾರು ಒಡೆಯಾ?" ಎಂದ ಹುಚ್ಚ.

"ಮಾರಾಯಾ, ಅದು ಬರೀ ಕಾಗದದ ಮೇಲೆ. ನೀ ಹೊತ್ತದ್ದು ಹೊತ್ತದ್ದೇ. ಅದನ್ನ ಯಾರು ಕಸೀತಾರೆ?"

"ನಾ ಅವತ್ತು ಹುಬ್ಬಳ್ಳೀಲಿ ಮಲಗಿದ್ದೆ ಅಂತ ಬರದದೆ."

"ಹೌದು, ಆದರೆ…"

"ಓಟು ಕೊಟ್ಟೆ. ಮರಕ್ಕೆ ಕೊಟ್ಟೆ. ಸಾಲಕ್ಕೆ ಕೊಟ್ಟೆ. ನಿಮ್ಮ ಭಾವಂಗೆ ಎದೆ ಕೊಟ್ಟೆ. ಆ ದಿನ ಕೊಡೂದಿಲ್ಲ."

ಅವನು ಮಸಿ ಹತ್ತಿದ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಮಾಡಿದ. ಜಗಲಿಯಿಂದ ಮೆಲ್ಲಗೆ ಹಿಂದೆ ಸರಿದ.

"ಸಾಯ್ತೆಯಲಾ," ಎಂದ ಗಣಪಯ್ಯ. ದನಿ ಏರಿರಲಿಲ್ಲ. "ಮಗಳನ್ನ ಯಾರು ನೋಡ್ತಾರೆ? ಯೋಚನೆ ಮಾಡು."

ವೇದಾಳ ಕಿವಿಯ ಬುಡ ಬಿಸಿಯಾಯಿತು. ನವೀನ ಸತ್ತಾಗ ಅಳು ಬಂದಿರಲಿಲ್ಲ. ಹದಿಮೂರನೇ ದಿನ ಬಂದಿರಲಿಲ್ಲ. ಈಗಲೂ ಬಂದದ್ದು ಅಳುವಲ್ಲ. ಈ ಮನುಷ್ಯನ ಬಾಯಲ್ಲಿ ಕೆಂಪಗಿದ್ದ ಕವಳವನ್ನು ಅವನ ಮುಖಕ್ಕೇ ಒರೆಸಬೇಕು ಎನಿಸಿತು. ಅಪ್ಪನಿಗೆ 'ಒತ್ತಿಬಿಡು' ಎಂದದ್ದು ತನ್ನದೇ ಬಾಯಿ ಎಂಬುದು ಅದಕ್ಕಿಂತ ಸುಟ್ಟಿತು.

"ಪೆಟ್ಟಿಗೆ ತೆಗೀರಿ," ಎಂದಳು. "ನಮ್ಮ ಮನೆ ಕಾಗದ ಎಲ್ಲ ಕೊಡಿ."

"ಕೀಲಿ ಸಿಕ್ತಾ ಇಲ್ಲೆ," ಎಂದರು ಒಳಗಿನಿಂದ ಸೀತಮ್ಮ.

ಸೆಪ್ಟೆಂಬರಿನ ಕೊನೆಯ ಭಾನುವಾರ ಸೊಸೈಟಿಯ ಮಹಾಸಭೆ. ಪ್ರತಿ ವರ್ಷ ಆ ದಿನ ಕೇರಿಗೆ ಟೆಂಪೋ ಬರುತ್ತದೆ. ಕೇರಿಯವರು ಹತ್ತುತ್ತಾರೆ. ಗೋಡೌನಿನ ಬಾಗಿಲಲ್ಲಿ ಮೇಜು ಹಾಕಿರುತ್ತದೆ. ಸದಸ್ಯರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ಅವಲಕ್ಕಿ ಪೊಟ್ಟಣ, ಒಂದು ಲಾಡು, ಚಾ. ಸಭೆ ಶುರುವಾಗುವ ಮೊದಲೇ ಟೆಂಪೋ ಅವರನ್ನು ತಿರುಗಿ ಬಿಟ್ಟು ಬರುತ್ತದೆ. ಸಭೆಗೆ ಬೇಕಾದ್ದು ತಲೆಯ ಲೆಕ್ಕ. ಕೇರಿಯ ತಲೆಗಳಿಲ್ಲದೆ ಆ ಲೆಕ್ಕ ತುಂಬುತ್ತಿರಲಿಲ್ಲ.

ಆ ವರ್ಷ ಹುಚ್ಚನೂ ಟೆಂಪೋ ಹತ್ತಿದ. ಕೇರಿಯ ಮಡಿವಾಳಪ್ಪ ಕೆಳಗಿನಿಂದ ನೂಕಿದ, ವೇದಾ ಮೇಲಿನಿಂದ ಎಳೆದಳು.

"ಲಾಡು ತಿನ್ನೂಕೆ ಇಷ್ಟು ಕಷ್ಟವಾ ಹುಚ್ಚಣ್ಣ?" ಎಂದಳು ಹೊನ್ನಿ. ಅವಳು ಮಡಿವಾಳಪ್ಪನ ಸೊಸೆ, ಏಳು ತಿಂಗಳ ಬಸುರಿ.

"ಹೌದೇ. ಈ ವರ್ಷ ಎರಡು ತಿಂತೆ."

ಬಾಗಿಲಲ್ಲಿ ನಿಂತಿದ್ದ ಗಣಪಯ್ಯ ಅವನನ್ನು ಕಂಡು ಹಗುರಾದ. ದಾರಿಗೆ ಬಂದ ಎಂದುಕೊಂಡಿರಬೇಕು. ಕಾರ್ಯದರ್ಶಿಗೆ ಕಣ್ಣು ಮಾಡಿದ. ಕಾರ್ಯದರ್ಶಿ ಪುಸ್ತಕ ತಿರುಗಿಸಿ ಕರೆದ: "ಹುಚ್ಚ ಚೌಡ."

ಹುಚ್ಚ ಮೇಜಿನ ಹತ್ತಿರ ಹೋದ. ಮಸಿಯ ಪ್ಯಾಡನ್ನು ಕಾರ್ಯದರ್ಶಿಯ ಕಡೆಗೇ ಸರಿಸಿದ. ಒಂದೊಂದೇ ಗುಂಡಿ ಬಿಚ್ಚಿ ಅಂಗಿ ತೆಗೆದ. ತೆಗೆಯುವಷ್ಟಕ್ಕೇ ಉಸಿರು ಸೋತಿತು. ಮೇಜು ಹಿಡಿದು ನಿಂತ. ನಂತರ ಒಳಗೆ ಕೂತ ಜನರ ಕಡೆಗೆ ತಿರುಗಿದ.

"ನಂಗೆ ಆಪರೇಷನ್ ಆಗಿದೆಯಂತೆ," ಎಂದ. "ಎದೆ ಕೊಯ್ದದ್ದು ಎಲ್ಲಿ ಅಂತ ಯಾರಾರೂ ತೋರ್ಸಿ. ಆಮೇಲೆ ಹೆಬ್ಬೆಟ್ಟು ಹಾಕ್ತೆ."

ಒಡೆಯರ ಕುರ್ಚಿಗಳಿದ್ದ ಮುಂದಿನ ಸಾಲಿನಲ್ಲಿ ಯಾರೋ, "ಎಂತದೋ ಇದು?" ಎಂದರು. ಕಾರ್ಯದರ್ಶಿ ಎದ್ದು ಹುಚ್ಚನ ಹೆಗಲ ಮೇಲೆ ಅಂಗಿ ಹಾಕಲು ಬಂದ. ಹುಚ್ಚ ಅಂಗಿಯನ್ನು ನೆಲಕ್ಕೆ ಬಿಟ್ಟ.

ವೇದಾ ಹೇಳಿದಳು. ಅವಳಿಗೆ ಭಾಷಣ ಬರುತ್ತಿರಲಿಲ್ಲ. ದಿನಾಂಕ ಹೇಳಿದಳು. ಆಸ್ಪತ್ರೆಯಲ್ಲಿ ಓದಿದ್ದು ಹೇಳಿದಳು. ಯಲ್ಲಾಪುರದ ಮಿಲ್ಲು ಹೇಳಿದಳು. ಡಾಕ್ಟರು ಕೊಟ್ಟ ಗಡುವು ಹೇಳಿದಳು. "ಅದ್ರಲ್ಲಿ ಹದಿನೈದು ದಿನ ಆಗಲೇ ಹೋಯ್ತು" ಎಂದು ನಿಲ್ಲಿಸಿದಳು.

"ಇದು ಸಭೆಯ ವಿಷಯವಲ್ಲ," ಎಂದ ಕಾರ್ಯದರ್ಶಿ. "ಒತ್ತುವವರು ಒತ್ತಿ, ಮುಂದೆ ನಡೀರಿ. ಮಡಿವಾಳಪ್ಪ, ಬಾ."

ಮಡಿವಾಳಪ್ಪ ಬರಲಿಲ್ಲ. ಕೈ ಹಿಂದೆ ಕಟ್ಟಿ ನಿಂತಿದ್ದ. "ನನ್ನ ಹೆಸರಲ್ಲಿ ಎಂತ ಆಗಿದೆ?" ಎಂದು ವೇದಾಳನ್ನು ಕೇಳಿದ. "ನೋಡಿ ಹೇಳು ಮಗಾ. ಆಮೇಲೆ ನೋಡ್ವ."

"ಅದೆಲ್ಲ ಈಗ ನೋಡೂಕೆ ಬರೂದಿಲ್ಲ," ಎಂದ ಕಾರ್ಯದರ್ಶಿ.

ಬೀರುವಿನ ಬಾಗಿಲು ಕಿರುಗುಟ್ಟಿತು. ಗುಮಾಸ್ತ ಮಾದೇವ ಹಸಿರು ಬಟ್ಟೆಯ ರಿಜಿಸ್ಟರೊಂದನ್ನು ತಂದು ವೇದಾಳ ಮುಂದೆ ಮೇಜಿನ ಮೇಲೆ ಇಟ್ಟ. ಆರೋಗ್ಯ ಕಾರ್ಡಿನ ರಿಜಿಸ್ಟರು.

"ಬರೆದವ ನಾನೇ," ಎಂದ. "ಅವ್ರು ಹೇಳಿದ್ರು, ಬರೆದೆ."

"ಮಾದೇವ," ಎಂದ ಕಾರ್ಯದರ್ಶಿ, "ನಾಳೆಯಿಂದ ಬರಬೇಡ."

"ಬರೂದಿಲ್ಲ."

ವೇದಾ ಹಾಳೆ ತಿರುಗಿಸಿದಳು. "ಮಡಿವಾಳಪ್ಪ. ಎಡ ಮೂತ್ರಪಿಂಡ ತೆಗೆಯಲಾಗಿದೆ. ಹೋದ ನವೆಂಬರ್."

"ಹಂಗಂದ್ರೆ?"

"ಸೊಂಟದ ಮೇಲೆ ಒಳಗಿರ್ತದಲ್ಲ, ಎರಡು. ಎಡಗಡೆದು ತೆಗೆದಾರೆ."

ಮಡಿವಾಳಪ್ಪ ಎಡ ಸೊಂಟ ಮುಟ್ಟಿಕೊಂಡ. ಬಲವನ್ನೂ ಮುಟ್ಟಿಕೊಂಡ. "ಹಂಗಾದ್ರೂ ನವೆಂಬರಲ್ಲಿ ನಾಲ್ಕು ಎಕರೆ ಕೊನೆ ಹೊತ್ತೆನಲಾ, ಅರ್ಧ ಸಂಬಳ ಯಾಕೆ ಹಿಡಿಲಿಲ್ಲ?" ಎಂದ.

ಹಿಂದೆ ನಿಂತವರು ನಕ್ಕರು. ಅದು ಒಳ್ಳೆಯ ನಗುವಾಗಿರಲಿಲ್ಲ. ಮುಂದಿನ ಸಾಲಿನವರು ಅದನ್ನು ಕೇಳಿ ಕುರ್ಚಿಯಲ್ಲಿ ಸರಿದು ಕೂತರು.

"ನಂದು ನೋಡೇ," ಎಂದಳು ಹೊನ್ನಿ.

ವೇದಾ ಹುಡುಕಿದಳು. ಸಿಕ್ಕಿತು. ಆ ಸಾಲಿನ ಮೇಲೆ ಬೆರಳಿಟ್ಟು ಹೊನ್ನಿಯ ಹೊಟ್ಟೆ ನೋಡಿದಳು.

"ಓದೇ."

"ಗರ್ಭಕೋಶ ತೆಗೆಯಲಾಗಿದೆ. ಫೆಬ್ರವರಿ."

ಹೊನ್ನಿ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಸೀದಾ ಹೋಗಿ ಮುಂದಿನ ಸಾಲಿನ ಎದುರು ನಿಂತಳು. "ಹಂಗಾರೆ ಇದು ಎಲ್ಲಿ ಕುಂತದೆ?" ಎಂದು ಕೇಳಿದಳು. ಒಬ್ಬೊಬ್ಬರ ಮುಖ ನೋಡಿ ಕೇಳಿದಳು. "ಒದೀತದೆ. ಮುಟ್ಟಿ ನೋಡ್ತೀರಾ? ನನ್ನ ಮುಟ್ಟೂಕೆ ಬರೂದಿಲ್ಲ ನಿಮಗೆ. ನನ್ನ ಹೆಸ್ರು ಮಾತ್ರ ಮುಟ್ಟೂಕೆ ಬರ್ತದೆ."

ಅಲ್ಲಿಂದ ಮುಂದೆ ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ಕೇರಿಯವರು ಅವಲಕ್ಕಿ ಪೊಟ್ಟಣಗಳನ್ನು ಮೇಜಿನ ಮೇಲೆ ಇಟ್ಟು ಗೋಡೌನಿನ ನೆಲದ ಮೇಲೆ ಕೂತರು. ಗಂಟೆ ಒಂದಾಯಿತು, ಎರಡಾಯಿತು. ತಲೆ ತುಂಬದೆ ಸಭೆ ಶುರುವಾಗುವಂತಿರಲಿಲ್ಲ. ವಿಷಯ ಶಿರಸಿಯಲ್ಲಿರುವ ಸಹಕಾರ ಇಲಾಖೆಯ ಸಹಾಯಕ ರಿಜಿಸ್ಟ್ರಾರರವರೆಗೆ ಹೋದರೆ ಏನಾಗುತ್ತದೆ ಎಂದು ಮುಂದಿನ ಸಾಲಿನಲ್ಲಿ ಪಿಸುಗುಟ್ಟಿದರು. ಕೊನೆಗೆ ಮೂರು ಗಂಟೆಯ ಹೊತ್ತಿಗೆ, ಗದ್ದೆಯ ದ್ಯಾಮಪ್ಪ ಎದ್ದು ನಿಂತ. ಹತ್ತೆಕರೆ ಭತ್ತ ಬೆಳೆಯುವ ರೈತ.

"ನಾ ಅವ್ರ ಪರ ಅಲ್ಲ," ಎಂದ. "ಆದ್ರೆ ಅದು ಸಾಯ್ತಾ ಇರೂ ಮನುಷ್ಯ. ಪತ್ರ ಕೊಟ್ಟು ಬಿಡ್ರಿ. ಇಲ್ಲ ಅಂದ್ರೆ ನನ್ನ ಸಹಿಯೂ ಹೊಡೆದು ಹಾಕ್ರಿ."

ಕಾರ್ಯದರ್ಶಿ ಬರೆದ. ವೇದಾ ಓದಿದಳು. 'ಕಣ್ತಪ್ಪಿನಿಂದ ಬೇರೊಬ್ಬರಿಗೆ' ಎಂದಿತ್ತು.

"ಕಣ್ಣು ತಪ್ಪಲಿಲ್ಲ. ಅವರ ಹೆಸರು ಬರೀರಿ."

ಗಣಪಯ್ಯ ಮೊದಲ ಸಲ ದನಿ ಎತ್ತಿದ. "ನಿಮ್ಮಪ್ಪ ನಮ್ಮ ಮನೆ ಅನ್ನ ತಿಂದವ."

"ನಿಮ್ಮ ಭಾವ ನಮ್ಮಪ್ಪನ ಆಯುಷ್ಯ ತಿಂದವ," ಎಂದಳು ವೇದಾ. "ಬರೀರಿ."

ಬರೆದರು. ಯಲ್ಲಾಪುರದ ಭಾವನ ಪೂರ್ತಿ ಹೆಸರು, ತಂದೆಯ ಹೆಸರು, ಊರು. ಸೀಲು ಬಿತ್ತು. ವೇದಾ ಪತ್ರವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ನೆಲದ ಮೇಲಿದ್ದ ಅಂಗಿ ಎತ್ತಿ ಅಪ್ಪನಿಗೆ ತೊಡಿಸಿದಳು.

"ಏಳು. ನಾಲ್ಕರ ಬಸ್ಸು ಸಿಗ್ತದೆ. ಶಿರಸೀಲಿ ಹುಬ್ಬಳ್ಳಿ ಬಸ್ಸು ಹಿಡಿವ."

ಹುಚ್ಚ ಏಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದ. ಅವನ ಮುಂದೆ ಸಾಲು ನಿಂತಿತ್ತು. ಕೇರಿಯವರು ಇನ್ನೂ ಹದಿನಾಲ್ಕು ಮಂದಿ.

"ಅವ್ರದ್ದು ಓದಿ ಮುಗ್ಸು," ಎಂದ.

"ಅಪ್ಪಾ, ನಿನ್ನ ಉಸಿರು…"

"ನನ್ನ ಉಸಿರು ನಾ ನೋಡ್ಕಂತೆ. ನಾವು ಹೋದ ಮೇಲೆ ಆ ಪುಸ್ತಕ ಇಲ್ಲಿ ಇರ್ತದೆಯಾ? ಆರು ಗಂಟೆಗೂ ಬಸ್ಸುಂಟು. ಓದು."

ನಾಲ್ಕರ ಬಸ್ಸು ಗೋಡೌನಿನ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆದು ಹೋಯಿತು. ಗಣಪಯ್ಯನ ಕುರ್ಚಿ ಆಗಲೇ ಖಾಲಿಯಿತ್ತು. ಕಾರ್ಯದರ್ಶಿ ರಿಜಿಸ್ಟರಿನ ಕಡೆ ಕೈ ಚಾಚಿದ. ಮಾದೇವ ಅದರ ಮೇಲೆ ಮೊಣಕೈ ಊರಿದ.

ವೇದಾ ಹೊಸ ಹಾಳೆ ತಿರುಗಿಸಿ, "ಮುಂದೆ ಯಾರು?" ಎಂದಳು.

ಒಬ್ಬ ಮುದುಕಿ ಬಂದಳು. ಒಡೆಯರ ಎದುರು ಯಾವತ್ತೂ ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದವಳು. ಸೆರಗು ಇಳಿಸಿ, ಮುಂದಿನ ಸಾಲಿನವರೆಗೂ ಕೇಳುವ ಹಾಗೆ ತನ್ನ ಹೆಸರು ಹೇಳಿದಳು.